ಸವಳು ನೀರಿನ ಉಪವಾಸ

ನಮ್ಮ ಮನೆಯಲ್ಲಿ ಮೀನಿನ ಜಾತಿ ಗುರುತಿಸಬಲ್ಲವರು ಒಬ್ಬರೂ ಇಲ್ಲ. ತಿಂದು ಗೊತ್ತಿಲ್ಲ, ಹಿಡಿದು ಗೊತ್ತಿಲ್ಲ, ಸಂತೆಯಲ್ಲಿ ಆ ಸಾಲಿನ ಕಡೆ ಮುಖ ಹಾಕಿಯೂ ಗೊತ್ತಿಲ್ಲ. ಶೇಡಬಾಳದ ಹತ್ತಿರ ತೋಟದ ಮನೆ ನಮ್ಮದು. ಜೈನರು, ತಲೆತಲಾಂತರದಿಂದ ಒಕ್ಕಲುತನ, ಕಬ್ಬು ಮತ್ತು ಒಂದಿಷ್ಟು ದ್ರಾಕ್ಷಿ. ಅಂಥ ಮನೆಯ ಸಿಮೆಂಟಿನ ಟಾಕಿಯಲ್ಲಿ ಒಂದು ಬೇಸಿಗೆಯಿಡೀ ಕೃಷ್ಣೆಯ ಮೀನುಗಳಿದ್ದವು. ಅವುಗಳ ದೆಸೆಯಿಂದ ನನ್ನ ಅತ್ತೆ ಎಲ್ಲಿ ನಮ್ಮ ಕೈಬಿಟ್ಟು ಹೋಗುತ್ತಾರೋ ಎಂಬ ಭಯದಲ್ಲಿ ನಾನು ಆ ಬೇಸಿಗೆ ಕಳೆದೆ.

ಮೀನು ತಂದವರು ನನ್ನ ಗಂಡ. ಅಂಕಲಿ ಕಡೆ ಟ್ರ್ಯಾಕ್ಟರಿನ ಕೆಲಸಕ್ಕೆಂದು ಹೋದವರು ಹೊಳೆಗೆ ಇಳಿದು ನೋಡಿದ್ದಾರೆ. ಹೊಳೆ ಬತ್ತಿ ಅಲ್ಲಲ್ಲಿ ಮಡುಗಳು ಮಾತ್ರ ಉಳಿದಿದ್ದವು. ಒಂದು ಸಣ್ಣ ಮಡುವಿನಲ್ಲಿ ಮೀನುಗಳು ಬೆನ್ನು ಹೊರಗೆ ಬಿದ್ದು ಕೆಸರಿನಲ್ಲಿ ಒದ್ದಾಡುತ್ತಿದ್ದವಂತೆ. ಟ್ರೇಲರಿಗೆ ತಾಡಪತ್ರಿ ಹಾಸಿ, ಅಲ್ಲಿಯದೇ ನೀರು ತುಂಬಿ, ಸಿಕ್ಕಷ್ಟನ್ನು ಹಾಕಿಕೊಂಡು ಬಂದರು.

"ಅವ್ವಾ, ಮಳಿ ಬರೂತನಾ ನಮ್ಮಲ್ಲಿ ಇರ್ಲಿ. ಹೊಸಾ ನೀರ ಬಂದ ಮ್ಯಾಲ ಹೊಳಿಗೆ ಬಿಟ್ಟ ಬರ್ತೀನಿ" ಎಂದರು.

ಅತ್ತೆಯ ಮುಖ ಅರಳಿತು. "ಪುಣ್ಯಾದ ಕೆಲಸಾ ಮಾಡಿದಿ" ಎಂದರು. ನಾನು ಮಾತ್ರ "ಇವನ್ನ ನೋಡಕೊಳ್ಳೂವ್ರು ಯಾರ್ರಿ?" ಎಂದೆ. ಯಾರೂ ಉತ್ತರ ಕೊಡಲಿಲ್ಲ. ಉತ್ತರ ಬರಲಿಲ್ಲ ಎಂದರೆ ಆ ಕೆಲಸ ನನ್ನದು ಎಂದು ಅರ್ಥ. ನಿಪ್ಪಾಣಿಯ ವ್ಯಾಪಾರಸ್ಥರ ಮನೆಯಿಂದ ಬಂದ ನನಗೆ ಈ ಮನೆಯ ಇಷ್ಟು ವ್ಯಾಕರಣ ಮದುವೆಯಾದ ವರ್ಷವೇ ತಿಳಿದಿತ್ತು. ಮೇಲಾಗಿ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಮಿಕ್ಸರ್ ಕೆಟ್ಟರೂ ನನ್ನನ್ನೇ ಕರೆಯುತ್ತಾರೆ.

ನಿಂತ ನೀರಿನಲ್ಲಿ ಮೀನು ಸಾಯುವುದು ಹಸಿವಿನಿಂದಲ್ಲ, ತಮ್ಮದೇ ಹೊಲಸಿನಿಂದ. ಅದರಿಂದ ಅಮೋನಿಯ ಹುಟ್ಟುತ್ತದೆ, ಅದು ಅವುಗಳಿಗೆ ವಿಷ. ಹೊಳೆಯಲ್ಲಿ ನೀರು ಹರಿಯುತ್ತದೆ, ಕಲ್ಲು ಮರಳಿನ ಮೇಲೆ ಕೂತ ಕಣ್ಣಿಗೆ ಕಾಣದ ಜೀವಿಗಳು ಆ ವಿಷವನ್ನು ತಿಂದು ಹಗುರ ಮಾಡುತ್ತವೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅಮೋನಿಯವನ್ನು ಬೇರೆ ರೂಪಕ್ಕೆ ತಿರುಗಿಸಿದರೆ, ಇನ್ನೊಂದು ಜಾತಿ ಅದನ್ನು ಇನ್ನೂ ಸೌಮ್ಯವಾದದ್ದಕ್ಕೆ ತಿರುಗಿಸುತ್ತದೆ. ಟಾಕಿಯಲ್ಲಿ ಆ ಜೀವಿಗಳಿಗೆ ಮನೆ ಕಟ್ಟಿಕೊಡಬೇಕಿತ್ತು. ದ್ರಾಕ್ಷಿಗೆ ಹಾಕಿ ಹಳತಾದ ಡ್ರಿಪ್ ಪೈಪುಗಳು ಶೆಡ್ಡಿನಲ್ಲಿ ಸುರುಳಿ ಸುರುಳಿಯಾಗಿ ಬಿದ್ದಿದ್ದವು. ಗಂಡ ಮತ್ತು ನಾನು ಕೂತು ಅವನ್ನು ಬೆರಳಿನ ಗೆಣ್ಣಿನಷ್ಟು ತುಂಡು ಮಾಡಿ ಒಂದು ನೀಲಿ ಡ್ರಮ್ಮು ತುಂಬಿಸಿದೆವು. ಹೊಳೆಯಿಂದ ಒಂದು ಕೊಡ ಕೆಸರು ತಂದು ಅದರ ಮೇಲೆ ಸುರಿದೆವು. ಸಣ್ಣ ಪಂಪೊಂದು ಟಾಕಿಯ ನೀರನ್ನು ಎತ್ತಿ ಡ್ರಮ್ಮಿಗೆ ಹಾಕುತ್ತಿತ್ತು, ಡ್ರಮ್ಮಿನಿಂದ ಅದು ಮತ್ತೆ ಟಾಕಿಗೆ ಬೀಳುತ್ತಿತ್ತು. ಕೆಲವು ವಾರಗಳಲ್ಲಿ ಪೈಪಿನ ತುಂಡುಗಳ ಮೇಲೆ ಕಂದು ಬಣ್ಣದ ತೆಳ್ಳನೆಯ ಲೋಳೆ ಹಿಡಿಯಿತು. ಸಾಂಗ್ಲಿಯಿಂದ ತಂದ ಕಿಟ್ಟಿನಲ್ಲಿ ನೀರು ಪರೀಕ್ಷಿಸಿದರೆ ನಳಿಕೆಯ ಬಣ್ಣ ತಿಳಿಹಳದಿ. ಹಳದಿ ಎಂದರೆ ಅಮೋನಿಯ ಇಲ್ಲ, ಹಸಿರಾದಷ್ಟೂ ಅಪಾಯ.

ಅತ್ತೆ ಒಂದು ದಿನ ಡ್ರಮ್ಮಿನೊಳಗೆ ಬಗ್ಗಿ ನೋಡಿ ಕೇಳಿದರು: "ಈ ಲೋಳ್ಯಾಗ ಜೀವ ಅದಾವೇನು?"

"ಕೋಟಿಗಟ್ಟಲೆ ಅದಾವ್ರಿ."

ಹೀಗೆ ಹೇಳಬಾರದಿತ್ತೇನೋ. ಅಂದಿನಿಂದ ಡ್ರಮ್ಮಿನ ಹತ್ತಿರ ಯಾರೂ ಜೋರಾಗಿ ಕೈ ತೊಳೆಯುವಂತಿಲ್ಲ, ಸಾಬೂನು ಒಯ್ಯುವಂತಿಲ್ಲ. ಮೀನುಗಳಿಗೆ ಮುಂಜಾನೆ ಜೋಳದ ಹಿಟ್ಟಿನ ಸಣ್ಣ ಉಂಡೆಗಳನ್ನು ಹಾಕಿ, ಡ್ರಮ್ಮನ್ನು ಒಮ್ಮೆ ನೋಡಿ, ಆಮೇಲೆಯೇ ಅವರ ನಾಷ್ಟಾ.

ನೀರಿನ ವಿಷಯದಲ್ಲಿ ಅತ್ತೆ ಬಹಳ ಕಟ್ಟುನಿಟ್ಟು. ಬಾವಿಯ ನೀರನ್ನು ಮಡಿಕೆ ಹಾಕಿದ ಬಟ್ಟೆಯಲ್ಲಿ ಸೋಸಿದ ಮೇಲೆ, ಆ ಬಟ್ಟೆಯನ್ನು ತಿರುವಿ, ಸೋಸಿದ ನೀರಿನಲ್ಲೇ ಜಾಲಿಸಿ, ಅದರಲ್ಲಿ ಸಿಕ್ಕಿಕೊಂಡ ಜೀವಿಗಳನ್ನು ಅದೇ ಬಾವಿಗೆ ಬಿಡಬೇಕು. ಬೇರೆ ಬಾವಿಗಲ್ಲ, ಅದೇ ಬಾವಿಗೆ. ಸಿಹಿ ನೀರಿಗೆ ಉಪ್ಪುಪ್ಪಾದ ಸವಳು ನೀರು ಬೆರೆಸಬಾರದು. ಒಂದು ನೀರಿನ ಜೀವ ಇನ್ನೊಂದು ನೀರಿನಲ್ಲಿ ಬದುಕುವುದಿಲ್ಲ ಎಂಬುದು ಅವರು ತಮ್ಮ ಅತ್ತೆಯಿಂದ ಕಲಿತ ಪಾಠ. ಇದನ್ನು ನಾನು ತರಗತಿಯಲ್ಲಿ ಬೇರೆ ಶಬ್ದಗಳಲ್ಲಿ ಹೇಳುತ್ತೇನೆ, ಅಷ್ಟೇ ವ್ಯತ್ಯಾಸ. ಆದ್ದರಿಂದ ಮುಂದೆ ಆದದ್ದಕ್ಕೆ ಅವರ ಅಜ್ಞಾನ ಕಾರಣ ಎಂದರೆ ನನಗೆ ಸಿಟ್ಟು ಬರುತ್ತದೆ.

ದ್ರಾಕ್ಷಿಯ ಚಾಟಣಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದು ಹೊಸ ಚಿಗುರು ಬರುವ ಹೊತ್ತಿಗೆ ತೋಟದ ಬಾವಿ ತಳ ಕಂಡಿತು. ಇದ್ದ ಸಿಹಿ ನೀರು ಬಳ್ಳಿಗಳಿಗೇ ಸಾಲದು. ಅದೇ ಬಾವಿಯಿಂದ ತುಂಬಿಸಿದ್ದ ಟಾಕಿಯ ನೀರು ಬಿಸಿಲಿಗೆ ಆರಿ ಅರ್ಧಕ್ಕೆ ಬಂದಿತ್ತು. ಕಬ್ಬಿನ ಹೊಲದ ತಗ್ಗಿನಲ್ಲಿ ಒಂದು ಬೋರ್ ಇದೆ. ವರ್ಷಗಟ್ಟಲೆ ನೀರು ಕುಡಿದು ಸವಳಾದ ಕಪ್ಪು ನೆಲ ಅದು, ನೀರೂ ಸವಳು. ಬೇಕೆಂದರೆ ಅದನ್ನು ದಿನಕ್ಕೆ ಇಷ್ಟಿಷ್ಟೇ ಸೇರಿಸೋಣ ಎಂದು ನಾನು ಮನಸ್ಸಿನಲ್ಲಿ ಲೆಕ್ಕ ಹಾಕಿದ್ದೆ. ಅಷ್ಟರಲ್ಲಿ ಉತ್ತರ ಪತ್ರಿಕೆ ತಿದ್ದುವ ಕೆಲಸ ಬಂದು ಚಿಕ್ಕೋಡಿಗೆ ಓಡಾಡತೊಡಗಿದೆ.

ಒಂದು ಸಂಜೆ ಬಸ್ಸಿಳಿದು ಬಂದು ನೋಡಿದರೆ ಟಾಕಿ ಕಂಠಮಟ ತುಂಬಿದೆ! ನೀರು ತಳ ಕಾಣುವಷ್ಟು ತಿಳಿ. ಗಂಡ ಮತ್ತು ಅತ್ತೆ ಕಟ್ಟೆಯ ಮೇಲೆ ಕೂತು ಪರೀಕ್ಷೆ ಪಾಸಾದವರಂತೆ ನನ್ನ ಮುಖ ನೋಡುತ್ತಿದ್ದರು.

"ಹಳೇ ನೀರ ಏನಾತ್ರಿ?"

"ಬಾವಿಗೆ ಬಿಟ್ಟಿವಿ" ಎಂದರು ಅತ್ತೆ. "ಬಾವಿದ ಬಾವಿಗೆ. ಎರಡೂ ಬೆರಸಿದ್ರ ಎರಡೂ ನೀರಿನ ಜೀವ ಸಾಯ್ತಾವ. ಅದಕ್ಕ ಪೂರಾ ತಗದು, ಬೋರಿನ ನೀರ ತುಂಬಿಸಿದ್ವಿ. ಮೀನಾ ನನ್ನ ಹಳೇ ಸೀರ್ಯಾಗ ಎತ್ತಿದ್ವಿ. ಒಂದಕ್ಕೂ ತ್ರಾಸ ಆಗಿಲ್ಲ ನೋಡು."

"ಡ್ರಮ್?"

"ಅದಕ್ಕೂ ಹೊಸಾ ನೀರ. ಲೋಳಿ ಮುಟ್ಟಿಲ್ಲ ನಾವು."

ಗಂಡ ಗೊಬ್ಬರದ ನೀರಿಗೆಂದು ಇಟ್ಟುಕೊಂಡಿದ್ದ, ಉಪ್ಪಿನಂಶ ತೋರಿಸುವ ಮೀಟರನ್ನು ಅದ್ದಿ ನೋಡಿದೆ. ಅಂಕಿ ಮೇಲೇರುತ್ತಲೇ ಹೋಯಿತು. ಏನೆಂದು ಬೈಯಲಿ? ಬೆರೆಸಬಾರದು ಎಂಬ ದಯೆಯಿಂದಲೇ ಅವರು ಪೂರ್ತಿ ಬದಲಿಸಿದ್ದರು. ಬೆರೆಸಿದ್ದರೆ, ಅದೂ ನಿಧಾನಕ್ಕೆ ಬೆರೆಸಿದ್ದರೆ, ಲೋಳೆಯ ಜೀವಿಗಳು ಹೇಗೋ ಹೊಂದಿಕೊಳ್ಳುತ್ತಿದ್ದವು.

ಉಪ್ಪಿನಕಾಯಿಗೆ ಮಾವಿನ ಹೋಳಿಗೆ ಉಪ್ಪು ಸವರಿಟ್ಟರೆ ಅದು ನೀರು ಬಿಡುತ್ತದಲ್ಲ, ಆ ಸಣ್ಣ ಜೀವಿಗಳಿಗೂ ಅದೇ ಗತಿ. ಹೊರಗಿನ ನೀರು ಏಕಾಏಕಿ ಸವಳಾದರೆ ಒಳಗಿನ ನೀರು ಹೊರಗೆ ಎಳೆದುಕೊಂಡು ಹೋಗುತ್ತದೆ. ಕೆಲವು ಸಾಯುತ್ತವೆ. ಉಳಿದವು ಜೀವ ಹಿಡಿದುಕೊಳ್ಳುವುದಕ್ಕೇ ಇದ್ದ ಶಕ್ತಿಯನ್ನೆಲ್ಲ ಸುರಿದು, ಮಾಡಬೇಕಾದ ಕೆಲಸ ನಿಲ್ಲಿಸುತ್ತವೆ. ಸವಳು ತಡೆಯಬಲ್ಲವು ಹೆಚ್ಚಬೇಕು, ಆಗ ಮತ್ತೆ ಕೆಲಸ ಶುರು. ಆದರೆ ಈ ಜಾತಿಯವು ಹೆಚ್ಚುವುದು ಬಹಳ ನಿಧಾನ. ಹಾಲಿಗೆ ಹೆಪ್ಪು ಹಾಕಿ ಬೆಳಗ್ಗೆ ಮೊಸರು ಎತ್ತಿಕೊಂಡ ಹಾಗಲ್ಲ. ಎಷ್ಟು ದಿನ ಬೇಕೋ ನನಗೂ ಗೊತ್ತಿರಲಿಲ್ಲ. ನೋಡುವವರ ಕಣ್ಣಿಗೆ ಲೋಳೆ ಮೊದಲಿನಂತೆಯೇ ಕಂದು, ನೀರು ಮೊದಲಿನಂತೆಯೇ ಬೀಳುತ್ತಿತ್ತು.

ಮಾರನೆಯ ದಿನ ನಳಿಕೆ ತುಸು ಹಸಿರಾಯಿತು. ಆಮೇಲೆ ಇನ್ನಷ್ಟು. ಮೀನುಗಳು ಮುಂಜಾನೆ ಮೇಲೆ ಬಂದು ಬಾಯಿ ಕಳೆದು ನಿಲ್ಲತೊಡಗಿದವು. ಸವಳು ನೀರಿನಲ್ಲಿ ಕ್ಷಾರವೂ ಹೆಚ್ಚು, ಕ್ಷಾರ ಹೆಚ್ಚಾದಷ್ಟೂ ಅಮೋನಿಯದ ವಿಷ ಏರುತ್ತದೆ. ಗಂಡ "ಬಳ್ಳಿ ಒಣಗಿದ್ರ ಒಣಗ್ಲಿ, ಬಾವಿ ನೀರ ತಿರಗಿ ತುಂಬಸ್ತೀನಿ" ಎಂದು ಎದ್ದರು. ಬೇಡ ಎಂದು ತಡೆದೆ. ಒಮ್ಮೆ ಏಟು ತಿಂದ ಜೀವಿಗಳಿಗೆ ಆ ಕಡೆಯಿಂದ ಇನ್ನೊಂದು ಏಟು ಕೊಡುವುದಾಗಿತ್ತು ಅದು. ಬೋರ್ ಕೆಮ್ಮುತ್ತ ಕೊಟ್ಟಷ್ಟು ನೀರನ್ನು ದಿನಾ ಬದಲಿಸಿದೆವು. ಅದರಿಂದ ವಿಷ ಒಂದಿಷ್ಟು ಹೊತ್ತು ತೆಳುವಾಗುತ್ತಿತ್ತು, ಮತ್ತೆ ಏರುತ್ತಿತ್ತು. ಉಳಿದದ್ದು ಒಂದೇ ದಾರಿ, ಮೀನುಗಳ ಹೊಲಸು ನಿಲ್ಲಿಸುವುದು.

"ಸ್ವಲ್ಪ ದಿವಸ ಮೀನಕ್ಕ ಹಿಟ್ಟ ಹಾಕೂದು ಬ್ಯಾಡ್ರಿ ಅತ್ತಿ" ಎಂದೆ. "ಉಪವಾಸ ಇದ್ರ ಅವೇನ ಸಾಯೂದಿಲ್ಲ. ತಿಂದ್ರ ಸಾಯ್ತಾವ."

ಅತ್ತೆ ಹಿಟ್ಟಿನ ಬಟ್ಟಲನ್ನು ಸೆರಗಿನೊಳಗೆ ಹಿಡಿದುಕೊಂಡರು. "ಹೊಳ್ಯಾಗ ಇದ್ದಿದ್ರ ತಾವ ಹುಡಿಕ್ಯಾಡಿ ತಿಂತಿದ್ವು. ನಾವ ತಂದ ಗ್ವಾಡಿ ಕಟ್ಟಿ ಇಟ್ಟೀವಿ. ಕಟ್ಟಿ ಹಾಕಿದ ಜೀವಕ್ಕ ಅನ್ನಾ ತಪ್ಪಸೂದು ಹಿಂಸಾ ಅಲ್ಲೇನು?"

ನಮ್ಮಲ್ಲಿ ಅದು ಹಿಂಸೆಯೇ. ಹೊಡೆಯುವುದು, ಕಟ್ಟುವುದು, ಹೆಚ್ಚು ಭಾರ ಹೇರುವುದು, ಅನ್ನ ನೀರು ತಪ್ಪಿಸುವುದು ಎಲ್ಲ ಒಂದೇ ಸಾಲಿನಲ್ಲಿ ಬರುತ್ತವೆ. ನಾನೂ ಚಿಕ್ಕಂದಿನಲ್ಲಿ ಬಸದಿಯ ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದವಳೇ. ಗೊತ್ತಿದ್ದೂ ಹಟ ಹಿಡಿದೆ. "ಹಾಕಿದ್ರ ನಾಳೆ ಎಲ್ಲಾ ಮ್ಯಾಲ ತೇಲ್ತಾವ. ನೀವ ನೋಡ್ರಿ" ಎಂದು ಹೆದರಿಸಿದೆ.

ಅವರು ಬಟ್ಟಲನ್ನು ನನ್ನ ಕೈಗೆ ಕೊಟ್ಟು, "ಆತು. ಅವು ಉಪವಾಸ ಅಂದ್ರ ನಾನೂ ಉಪವಾಸ. ಅವು ಎಂದ ತಿಂತಾವು, ಅಂದ ನಾನೂ ತಿಂತೀನಿ" ಎಂದು ನೇಮ ಹಿಡಿದುಬಿಟ್ಟರು.

ಅತ್ತೆಗೆ ಸಕ್ಕರೆ ಕಾಯಿಲೆ. ಮೀನುಗಳ ಗತಿ ಏನಾಯಿತು ಎಂದು ಕೇಳುವವರಿಗೆ ಇಲ್ಲಿಯೇ ಹೇಳಿಬಿಡುತ್ತೇನೆ. ಕೆಲವು ಸತ್ತವು, ಹೆಚ್ಚಿನವು ಹೊಸ ನೀರು ಬಂದಾಗ ಹೊಳೆ ಸೇರಿದವು. ಆದರೆ ಆ ಮಾತಿನ ನಂತರ ನನಗೆ ಮೀನಿನ ಚಿಂತೆ ಇರಲೇ ಇಲ್ಲ. ಡ್ರಮ್ಮಿನ ಲೋಳೆಯಲ್ಲಿ ಯಾವ ಜೀವಿ ಬದುಕಿತೋ, ಯಾವುದು ಎಷ್ಟು ನಿಧಾನಕ್ಕೆ ಎರಡಾಗುತ್ತದೋ, ಅದರ ಮೇಲೆ ನನ್ನ ಅತ್ತೆಯ ಊಟ ನಿಂತಿತ್ತು.

ಗಂಡ ಮಿರಜಿನ ಡಾಕ್ಟರಿಗೆ ಫೋನು ಮಾಡಿದರು. ಊಟವಿಲ್ಲದಿದ್ದರೆ ಗುಳಿಗೆ ನಿಲ್ಲಿಸಿ, ಕೂಡಲೇ ಕರೆದುಕೊಂಡು ಬನ್ನಿ ಎಂದರು ಅವರು. ಅತ್ತೆ ಗುಳಿಗೆ ನಿಲ್ಲಿಸಿದರು, ಮಿರಜಿಗೆ ಬರಲಿಲ್ಲ. ಕಾಯಿಸಿ ಆರಿಸಿದ ನೀರು, ಅದೂ ಹೊತ್ತು ಮುಳುಗುವ ಮುಂಚೆ, ಅಷ್ಟೇ. ನಾನು ಬೆಳಗ್ಗೆ ಎದ್ದರೆ ಮೊದಲು ಅವರ ಬೆರಳು ಚುಚ್ಚಿ ಒಂದು ಹನಿ ರಕ್ತ ನೋಡಬೇಕು, ಆಮೇಲೆ ಟಾಕಿಗೆ ಹೋಗಿ ನಳಿಕೆಗೆ ಹನಿ ಹಾಕಿ ನೀರು ನೋಡಬೇಕು. ಶಾಲೆಗೆ ರಜೆ ಇದ್ದುದು ಪುಣ್ಯ. ನಾನೂ ಗಂಡನೂ ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುತ್ತಿದ್ದೆವು. "ನೀವ ಯಾಕ ಹಂಗ ಮಾಡಾಕತ್ತೀರಿ? ನೇಮಾ ನಂದು" ಎಂದು ಅತ್ತೆಯೇ ನಮಗೆ ಬಡಿಸಲು ಬರುತ್ತಿದ್ದರು. ಅದು ಇನ್ನೂ ಕಷ್ಟ.

ಈ ಮನೆಯಲ್ಲಿ ಹಿಂದೆ ಅತ್ತೆಯ ಅತ್ತೆ ಸಲ್ಲೇಖನ ತೆಗೆದುಕೊಂಡು, ಅನ್ನ ನೀರು ಬಿಟ್ಟು ಹೋದವರು. ಅವರು ಮಲಗಿದ್ದ ಖೋಲಿಯ ಬಾಗಿಲು ತೆರೆದಿದ್ದರೆ ನಾನು ಎಳೆದು ಮುಚ್ಚಿಬಿಡುತ್ತಿದ್ದೆ. ಗಂಡ ಒಮ್ಮೆ ತಡೆಯಲಾರದೆ ತಾಯಿಯ ಕಾಲ ಬಳಿ ಕೂತು ಕೇಳಿಯೇ ಬಿಟ್ಟರು: "ಅವ್ವಾ, ನಿನ್ನ ಮನಸಿನ್ಯಾಗ ಬ್ಯಾರೆ ಏನರ ಐತೇನ?"

ಅತ್ತೆ ನಕ್ಕರು. "ಹುಚ್ಚ ಅದಿಯೇನಲೇ? ಸಲ್ಲೇಖನಾ ಹಿಡ್ಯೂ ಹೊತ್ತಿಗೆ ಎಲ್ಲಾ ಬಿಟ್ಟಿರಬೇಕ. ನನಗ ಇನ್ನೂ ಈ ಮೀನಿನ ಮ್ಯಾಲ ಆಶಾ ಐತಿ. ಇದು ಬರೇ ಉಪವಾಸ."

ಈ ಮಾತು ಕೇಳಿ ಗಂಡನಿಗೆ ಸಮಾಧಾನವಾಯಿತು, ನನಗಾಗಲಿಲ್ಲ. ಅವರ ದನಿ ತೆಳುವಾಗಿತ್ತು. ಕೈಬಳೆಗಳು ಮೊಣಕೈ ತನಕ ಜಾರುತ್ತಿದ್ದವು. ನಾನು ಡ್ರಮ್ಮಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಪೈಪಿನ ತುಂಡುಗಳನ್ನು ನೋಡುತ್ತಿದ್ದೆ. ಬೇಗ, ಬೇಗ ಆಗಿ ಎಂದು ಬ್ಯಾಕ್ಟೀರಿಯಾಗಳನ್ನು ಬೇಡಿಕೊಂಡ ವಿಜ್ಞಾನದ ಮಾಸ್ತರಣಿ ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಒಂದು ಮಧ್ಯಾಹ್ನ ಅತ್ತೆ ಟಾಕಿಯ ಕಟ್ಟೆಯ ಮೇಲೆ ಬೇವಿನ ನೆರಳಿನಲ್ಲಿ ಕೂತಿದ್ದರು. ನಾನು ನಳಿಕೆ ಹಿಡಿದು ಬಣ್ಣ ಬರುವುದನ್ನು ಕಾಯುತ್ತಿದ್ದೆ. ಹಸಿರೇ, ಆದರೆ ನಿನ್ನೆಯ ಹಸಿರಿಗಿಂತ ತುಸು ತೆಳುವೋ ಏನೋ. ನೆರಳಿನಲ್ಲಿ ಹಾಗೆ ಕಂಡಿತೇ ಎಂದು ಬಿಸಿಲಿಗೆ ಹಿಡಿದೆ. ಬಿಸಿಲಿನಲ್ಲಿ ಇನ್ನೂ ಗೊಂದಲವಾಯಿತು. ಅಷ್ಟರಲ್ಲಿ ಹಿಂದೆ ಏನೋ ಜಾರಿದ ಸದ್ದು. ತಿರುಗಿದರೆ ಅತ್ತೆ ಕಟ್ಟೆಯಿಂದ ಪಕ್ಕಕ್ಕೆ ವಾಲಿ ಬೇವಿನ ಬುಡಕ್ಕೆ ಒರಗಿದ್ದಾರೆ. ಹಣೆಯ ತುಂಬ ಬೆವರು, ಮೈ ತಣ್ಣಗೆ. ನಳಿಕೆ ಎಲ್ಲಿ ಬಿತ್ತೋ ನೋಡಲಿಲ್ಲ. ಗಂಡ ಒಳಗಿನಿಂದ ಬೆಲ್ಲದ ನೀರು ತಂದರು. ಅತ್ತೆ ಕಣ್ಣು ಬಿಟ್ಟು ಲೋಟ ನೋಡಿ ತುಟಿ ಬಿಗಿದುಕೊಂಡರು.

"ಅವ್ವಾ, ಕೈ ಮುಗೀತೀನಿ."

ತಲೆ ಆಡಿಸಿದರು. ಬೇಡ.

ನನಗೆ ಅಳು, ಸಿಟ್ಟು ಒಟ್ಟಿಗೆ ಬಂದವು. ಅವರ ಎರಡೂ ಕೈ ಹಿಡಿದುಕೊಂಡು ಹೇಳಿದೆ, ಹೇಳಿದೆ ಎನ್ನುವುದಕ್ಕಿಂತ ಒದರಿದೆ. "ಅತ್ತಿ, ಡ್ರಮ್ಮಿನ್ಯಾಗಿನ ಜೀವ ಏನ ತಿಂದ ಬದುಕ್ತಾವ ಗೊತ್ತೈತೇನ್ರಿ? ಮೀನಿನ ಹೊಲಸು! ಅದ ಅವುಗಳ ಊಟ. ಮೀನು ಉಪವಾಸ ಇದ್ರ ಅವಕ್ಕೂ ಉಪವಾಸ. ಕೋಟಿಗಟ್ಟಲೆ ಜೀವ ಉಪವಾಸ!"

ಅತ್ತೆ ನನ್ನನ್ನೇ ನೋಡಿದರು. "ಇಷ್ಟ ದಿನಾ ಯಾಕ ಹೇಳಲಿಲ್ಲ?"

"ಇಷ್ಟ ದಿನಾ ಅವಕ್ಕ ತಿಂದ ಮುಗಸಲಾರದಷ್ಟ ಇತ್ರಿ. ಈಗ ಕಮ್ಮಿ ಆಗಾಕತ್ತೈತಿ ಅನಸ್ತೈತಿ. ಅವು ಎದ್ದ ಕುಂತಿದ್ರ ಅವಕ್ಕ ಊಟಾ ಬೇಕು."

"ಅನಸ್ತೈತಿ ಅಂದ್ರ? ಖರೇ ಏನು?"

ಖರೇ ಎಂದುಬಿಡಬಹುದಿತ್ತು. ಗಂಡ ಅವರ ಬೆನ್ನ ಹಿಂದಿನಿಂದ ಹೂಂ ಅನ್ನು, ಹೂಂ ಅನ್ನು ಎಂದು ಕಣ್ಣಿನಲ್ಲೇ ಬೇಡುತ್ತಿದ್ದರು.

"ನನಗ ಗೊತ್ತಿಲ್ರಿ. ಹಿಟ್ಟ ಹಾಕಿದ್ರ ಮೀನ ಸಾಯಲೂಬಹುದು. ಹಾಕಲಿಲ್ಲಂದ್ರ ಡ್ರಮ್ಮಿನ್ಯಾಗಿನವು ಸಾಯಬಹುದು. ಆದ್ರ ನೀವು ಹಿಂಗ ಇದ್ರ ನೀವ ಹೋಗ್ತೀರಿ ಅತ್ತಿ, ಅದೊಂದ ನನಗ ಗೊತ್ತು."

ಅತ್ತೆ ನನ್ನ ಕೈ ಬಿಡಿಸಿಕೊಂಡು, "ಹಿಟ್ಟ ತಗೊಂಡ ಬಾ. ಸ್ವಲ್ಪ" ಎಂದರು.

ಜೋಳದ ಹಿಟ್ಟನ್ನು ನೀರಿನಲ್ಲಿ ಕಲಸಿ ತಂದೆ, ಒಂದು ಅಡಿಕೆಯಷ್ಟು. ಅತ್ತೆ ಅದನ್ನು ಎರಡು ಮಾಡಿದರು. ಒಂದು ಪಾಲನ್ನು ಚೂರು ಚೂರಾಗಿ ಟಾಕಿಗೆ ಬಿಟ್ಟರು. ಇನ್ನೊಂದು ಪಾಲನ್ನು, ಬೇಯಿಸಿರದ ಆ ಹಸಿ ಹಿಟ್ಟನ್ನು, ಅಂಗೈಯಲ್ಲಿ ಇಟ್ಟುಕೊಂಡು ಕಾಯ್ದರು. ಗಂಡ ಕಟ್ಟೆಯ ಮೇಲೆ ಬಗ್ಗಿ "ಬಂತ ಅವ್ವಾ, ಒಂದ ಬಂತ, ತಿಂತ ನೋಡ" ಎಂದು ಕೂಗಿದರು. ಅತ್ತೆ ಅಂಗೈಯದನ್ನು ಬಾಯಿಗೆ ಹಾಕಿಕೊಂಡರು.

ಅಷ್ಟು ದಿನ ಆ ನೀರಿನಿಂದ ಕಣ್ಣು ಕೀಳದೆ ಕೂತವಳು ನಾನು. ಆಗ ಟಾಕಿಯ ಕಡೆ ತಿರುಗಿಯೂ ನೋಡಲಿಲ್ಲ. ಅತ್ತೆಯ ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗಿಳಿಯುವ ತನಕ ಅದನ್ನೇ ನೋಡುತ್ತಿದ್ದೆ.